ಹನ್ನೊಂದು ವರ್ಷದ ಸಾಕ್ಷಿ

ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ನೇರವಾಗಿ ನಮ್ಮನ್ನೇ ನೋಡುತ್ತ ವಾದಿಸುತ್ತಾರೆ. ನ್ಯಾಯಾಧೀಶರ ದನಿ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಅವರ ಕುರ್ಚಿಯಲ್ಲಿ ನಿರ್ದೇಶಕರು ನಮ್ಮನ್ನು ಕೂರಿಸಿದ್ದಾರೆ. ‘ಎ ಸೆಪರೇಶನ್’ ಎಂದು ಜಗತ್ತಿಗೆ ಪರಿಚಯವಾದ ಇರಾನಿನ ಚಿತ್ರ ಶುರುವಾಗುವುದು ಹೀಗೆ. ನಿರ್ದೇಶಕ ಅಸ್ಗರ್ ಫರ್ಹಾದಿ. 2011ರಲ್ಲಿ ಬರ್ಲಿನ್ ಚಿತ್ರೋತ್ಸವದ ‘ಚಿನ್ನದ ಕರಡಿ’ಯನ್ನೂ 2012ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದ ಚಿತ್ರ. ಪಾರ್ಸಿ ಶೀರ್ಷಿಕೆಯ ಅರ್ಥ ಇನ್ನೂ ನೇರ: ಸಿಮಿನ್‌ಳಿಂದ ನಾದೆರ್ ಬೇರೆಯಾದದ್ದು.

ಮೊನ್ನೆ ರಜೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದಳು. ವಿಚ್ಛೇದನದ ಕಥೆ ಎಂದಾಗ, ಮಕ್ಕಳ ಜೊತೆ ಕುಳಿತು ನೋಡುವುದು ಹೇಗೆಂದು ನನ್ನ ಹೆಂಡತಿ ಅನುಮಾನಿಸಿದಳು. ಅಂಥದ್ದೇನೂ ಇಲ್ಲ. ಹೈಸ್ಕೂಲು ಮಕ್ಕಳು ಧಾರಾಳವಾಗಿ ನೋಡಬಹುದು. ಮುಜುಗರವಾಗುವುದಿದ್ದರೆ ಅದು ಹಿರಿಯರಿಗೆ, ಬೇರೆ ಕಾರಣಕ್ಕೆ.

ತೆಹರಾನಿನ ಮಧ್ಯಮವರ್ಗದ ಮನೆ. ಸಿಮಿನ್‌ಗೆ ಮಗಳನ್ನು ಕರೆದುಕೊಂಡು ಹೊರದೇಶಕ್ಕೆ ಹೋಗುವ ಆಸೆ, ವೀಸಾ ಕೂಡ ಬಂದಿದೆ. ನಾದೆರ್‌ನ ತಂದೆಗೆ ಮರೆವಿನ ರೋಗ, ಅಲ್ಜೈಮರ್. ಅವರನ್ನು ಬಿಟ್ಟು ಬರಲಾರೆ ಎನ್ನುತ್ತಾನೆ ಅವನು. ಇಬ್ಬರದೂ ಸರಿಯೇ. ಅವಳು ತವರಿಗೆ ಹೋಗುತ್ತಾಳೆ. ಮುದುಕನನ್ನು ನೋಡಿಕೊಳ್ಳಲು ರಜಿಯೆ ಎಂಬ ಬಡ ಹೆಂಗಸು ಬರುತ್ತಾಳೆ, ಆಕೆ ಗರ್ಭಿಣಿ. ಒಂದು ದಿನ ಮುದುಕನನ್ನು ಮಂಚಕ್ಕೆ ಕಟ್ಟಿ ಹೊರಗೆ ಹೋಗಿರುತ್ತಾಳೆ. ಸಿಟ್ಟಿಗೆದ್ದ ನಾದೆರ್ ಅವಳನ್ನು ಬಾಗಿಲಿನಿಂದ ಆಚೆ ತಳ್ಳುತ್ತಾನೆ. ಗರ್ಭಪಾತವಾಗುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಅದು ಕೊಲೆಯ ಆರೋಪ. ಅವಳು ಗರ್ಭಿಣಿ ಎಂಬುದು ಅವನಿಗೆ ಗೊತ್ತಿತ್ತೇ? ಇಡೀ ಮೊಕದ್ದಮೆ ಈ ಪ್ರಶ್ನೆಯ ಮೇಲೆ ನಿಲ್ಲುತ್ತದೆ.

ಈ ಗಲಾಟೆಯ ನಡುವೆ ಹನ್ನೊಂದು ವರ್ಷದ ಮಗಳು ತೆರ್ಮೆ ಪಾಠ ಓದಿಕೊಳ್ಳುತ್ತಿರುತ್ತಾಳೆ. (ಪಾತ್ರ ಮಾಡಿದ ಸರೀನಾ ನಿರ್ದೇಶಕರ ಸ್ವಂತ ಮಗಳು.) ಮೇಷ್ಟ್ರಾದ ನನಗೆ ಮರೆಯಲಾಗದ ದೃಶ್ಯ ಇಲ್ಲಿದೆ. ನಾದೆರ್ ಮಗಳಿಂದ ಪದಗಳನ್ನು ಒಪ್ಪಿಸಿಕೊಳ್ಳುತ್ತಾನೆ. ‘ಗ್ಯಾರಂಟಿ’ಗೆ ಅವಳು ‘ಜಮಾನತ್’ ಎನ್ನುತ್ತಾಳೆ. ನಮ್ಮ ಕೋರ್ಟಿನ ‘ಜಾಮೀನು’ ಕೂಡ ಅದೇ ಬೇರಿನದು. ಅದು ಅರಬ್ಬಿ, ಪಾರ್ಸಿ ಪದ ಹೇಳು ಎನ್ನುತ್ತಾನೆ ತಂದೆ. ಟೀಚರ್ ಹೀಗೇ ಹೇಳಿಕೊಟ್ಟದ್ದು, ಅಂಕ ಹೋಗುತ್ತದೆ ಎಂದರೆ, ಹೋಗಲಿ, ಯಾರು ಹೇಳಿದರೂ ಎಲ್ಲಿ ಬರೆದಿದ್ದರೂ ತಪ್ಪು ತಪ್ಪೇ ಎನ್ನುತ್ತಾನೆ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಮೂವತ್ತು ವರ್ಷ ವಿಜ್ಞಾನದ ತರಗತಿಯಲ್ಲಿ ನಾನು ಹೇಳುತ್ತ ಬಂದದ್ದೂ ಇದನ್ನೇ: ಪುಸ್ತಕದಲ್ಲಿದೆ ಎಂದು ನಂಬಬೇಡಿ, ಮಾಡಿ ನೋಡಿ.

ತೆರ್ಮೆ ಈ ಪಾಠವನ್ನು ಚೆನ್ನಾಗಿ ಕಲಿತಿದ್ದಾಳೆ. ತಂದೆಯ ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾಳೆ, ತಾಳೆಯಾಗುವುದಿಲ್ಲ. ನೇರವಾಗಿ ಕೇಳುತ್ತಾಳೆ. ಗೊತ್ತಿತ್ತು, ಆದರೆ ತಳ್ಳುವ ಆ ಗಳಿಗೆಯಲ್ಲಿ ತಲೆಯಲ್ಲಿರಲಿಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಕಾನೂನಿಗೆ ಇಂಥ ಉತ್ತರ ಬೇಡ. ಗೊತ್ತಿತ್ತೋ ಇಲ್ಲವೋ ಅಷ್ಟೇ ಬೇಕು. ನೀನು ಹೇಳುವುದಾದರೆ ಹೋಗಿ ನಿಜ ಹೇಳುತ್ತೇನೆ ಎಂದು ಭಾರವನ್ನೆಲ್ಲ ಮಗುವಿನ ಹೆಗಲಿಗೆ ಹಾಕುತ್ತಾನೆ. ನನಗೆ ಅವನ ಮೇಲೆ ಕೋಪ ಬಂದದ್ದು ಸುಳ್ಳಿಗಲ್ಲ, ಇದಕ್ಕೆ.

ಆಮೇಲೆ ನ್ಯಾಯಾಧೀಶರು ತೆರ್ಮೆಯನ್ನೇ ಕೇಳುತ್ತಾರೆ. ರಜಿಯೆಗೆ ವೈದ್ಯರ ಫೋನ್ ನಂಬರು ಸಿಕ್ಕಿದ್ದು ನಿನ್ನ ತಂದೆಗೆ ಹೇಗೆ ಗೊತ್ತಾಯಿತು? ಒಂದು ಕ್ಷಣ ತಡೆದು, ನಾನೇ ಹೇಳಿದ್ದೆ ಎನ್ನುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ಕಾರಿನಲ್ಲಿ ಕುಳಿತಾಗ ಕಣ್ಣಲ್ಲಿ ನೀರು.

“ಬಸ್ಸಲ್ಲಿ ನಾನು ಹೇಳಿದ ಹಾಗೆ,” ಎಂದಳು ನನ್ನ ಮಗಳು, ಪರದೆಯಿಂದ ಕಣ್ಣು ತೆಗೆಯದೆ.

ಅವಳಿಗೆ ಹನ್ನೆರಡು ತುಂಬಿ ಕೆಲವು ತಿಂಗಳಾಗಿತ್ತು. ಊರಿಗೆ ಹೋಗುವ ಬಸ್ಸಿನಲ್ಲಿ ನಾನು ಒಂದೂವರೆ ಟಿಕೆಟ್ ಕೇಳಿದ್ದೆ. ಕಂಡಕ್ಟರ್ ನನ್ನನ್ನು ಬಿಟ್ಟು ಅವಳನ್ನು ಕೇಳಿದ, “ವಯಸ್ಸೆಷ್ಟಮ್ಮಾ?” ಅವಳು ನನ್ನ ಮುಖ ನೋಡಿ, “ಹನ್ನೊಂದು” ಎಂದಳು. ನಾನೂ ಹೇಳಿಕೊಟ್ಟಿರಲಿಲ್ಲ. ಜಾಣೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಅವಳು ಮರೆತಿರುತ್ತಾಳೆಂದು ಇಷ್ಟು ವರ್ಷ ತಿಳಿದಿದ್ದೆ.

“ತಪ್ಪಾಯ್ತಮ್ಮ,” ಎಂದೆ. “ಸಿನಿಮಾ ನೋಡಿ ಅಪ್ಪಾ,” ಎಂದಳು.

ರಜಿಯೆಯ ಕಡೆಯೂ ಒಂದು ಗುಟ್ಟಿದೆ. ನೋಡುವವರಿಗಾಗಿ ಅದನ್ನು ಬಿಟ್ಟಿದ್ದೇನೆ. ಒದ್ದೆ ಮಾಡಿಕೊಂಡ ಮುದುಕನ ಬಟ್ಟೆ ಬದಲಿಸಿದರೆ ಪಾಪವೇ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಳ್ಳುವ ಹೆಂಗಸು ಅವಳು. ಕೊನೆಗೆ ಸುಳ್ಳಿನ ಎದುರು ನಿಲ್ಲಲಾರದೆ ಹೋಗುವವಳೂ ಅವಳೇ. ಓದಿದವರಿಗಿಂತ ಅವಳ ಮೇಲೆ ನನಗೆ ಗೌರವ ಹೆಚ್ಚು.

ಕಡೆಯ ದೃಶ್ಯ ಮತ್ತೆ ನ್ಯಾಯಾಲಯದಲ್ಲಿ. ತಂದೆಯ ಜೊತೆಯೋ ತಾಯಿಯ ಜೊತೆಯೋ, ತೆರ್ಮೆ ಹೇಳಬೇಕು. ನಿರ್ಧರಿಸಿದ್ದೇನೆ ಎನ್ನುತ್ತಾಳೆ, ಆದರೆ ಅವರ ಎದುರು ಹೇಳಲಾರಳು. ಇಬ್ಬರನ್ನೂ ಹೊರಗೆ ಕಳಿಸುತ್ತಾರೆ. ಮೊಗಸಾಲೆಯಲ್ಲಿ ಗಾಜಿನ ಬಾಗಿಲಿನ ಆಚೆ ಒಬ್ಬರು, ಈಚೆ ಒಬ್ಬರು. ಜನ ಓಡಾಡುತ್ತಾರೆ, ಹೆಸರುಗಳು ಮೂಡತೊಡಗುತ್ತವೆ. ಪಾರ್ಸಿ ಲಿಪಿಯ ಕೊನೆಯ ಸಾಲು ಹೋಗುವವರೆಗೂ ನನ್ನ ಹೆಂಡತಿ ಏಳಲಿಲ್ಲ; ಆ ಹುಡುಗಿ ಒಳಗಿನಿಂದ ಬಂದಾಳೆಂದು ಕಾಯುತ್ತಿದ್ದಳು.