ರೆಕ್ಕೆಯನ್ನು ತಡೆಹಿಡಿದ ಜೀನ್

ಹಣ್ಣುನೊಣಕ್ಕೆ ರೆಕ್ಕೆ ಎರಡೇ. ಜೇನು, ಚಿಟ್ಟೆಗಳಿಗೆ ಹಿಂದಿನ ಜೋಡಿ ರೆಕ್ಕೆ ಮೂಡುವ ಜಾಗದಲ್ಲಿ ಇದಕ್ಕೆ ಗುಂಡುಸೂಜಿಯಂಥ ಪುಟ್ಟ ಅಂಗವಿದೆ. ಹೆಸರು ಹಾಲ್ಟೇರ್. ಹಾರುವಾಗ ರೆಕ್ಕೆ ಮೇಲೇರಿದರೆ ಅದು ಕೆಳಗಿಳಿಯುತ್ತದೆ. ಮೈ ಎತ್ತ ವಾಲಿತು, ಎತ್ತ ತಿರುಗಿತು ಎಂಬುದನ್ನು ನೊಣಕ್ಕೆ ತಿಳಿಸುತ್ತದೆ. ರೆಕ್ಕೆಯಾಗಬಹುದಾಗಿದ್ದ ಅಂಗ ಹೀಗೆ ಹಾಲ್ಟೇರ್ ಆಗುವುದು ಅಲ್ಟ್ರಾಬೈಥೊರಾಕ್ಸ್ ಎಂಬ ಜೀನ್‌ನಿಂದ.

1915ರಲ್ಲಿ ಅಮೆರಿಕದ ತಳಿವಿಜ್ಞಾನಿ ಕ್ಯಾಲ್ವಿನ್ ಬ್ರಿಜಸ್ ಕಣ್ಣಿಗೆ ವಿಚಿತ್ರ ನೊಣವೊಂದು ಬಿತ್ತು. ಅದರ ಹಾಲ್ಟೇರ್‌ನ ಮುಂಭಾಗ ರೆಕ್ಕೆಯಂತೆ ಬೆಳೆದಿತ್ತು. ಈ ಜಾಡು ಹಿಡಿದು ದಶಕಗಟ್ಟಲೆ ದುಡಿದವರು ಎಡ್ವರ್ಡ್ ಲೂಯಿಸ್. ಹಲವು ಮ್ಯುಟೇಶನ್‌ಗಳನ್ನು ಒಂದೇ ನೊಣದಲ್ಲಿ ಸೇರಿಸಿ, ಪೂರ್ತಿ ನಾಲ್ಕು ರೆಕ್ಕೆಯ ನೊಣವನ್ನೇ ಅವರು ಪಡೆದರು. ಇಂಥ ಜೀನ್‌ಗಳು ಕ್ರೋಮೋಸೋಮಿನಲ್ಲಿ ಸಾಲಾಗಿ ಕುಳಿತಿವೆ. ಆ ಸಾಲಿನ ಕ್ರಮವೂ ದೇಹದ ಖಂಡಗಳ ಕ್ರಮವೂ ಒಂದೇ! 1978ರ ಅವರ ಲೇಖನದ ಈ ಮಾತು ಇಂದಿಗೂ ಬೆರಗು ಹುಟ್ಟಿಸುತ್ತದೆ. 1995ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಆದರೆ ಒಂದೇ ಜೀನ್ ಇಡೀ ಅಂಗದ ಹಣೆಬರಹ ಬದಲಿಸುವುದು ಹೇಗೆ? ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಎಲ್.ಎಸ್. ಶಶಿಧರ ಅವರು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಬೆನ್ನು ಹತ್ತಿದ್ದು ಈ ಪ್ರಶ್ನೆಯನ್ನೇ. ಮರಿಹುಳದ ಮೈಯೊಳಗೆ ರೆಕ್ಕೆಗೂ ಹಾಲ್ಟೇರ್‌ಗೂ ಮೂಲವಾಗುವ ಚಪ್ಪಟೆ ಚೀಲದಂಥ ಕೋಶಗುಚ್ಛಗಳಿರುತ್ತವೆ. ಎರಡರ ರಚನೆಯೂ ಹೆಚ್ಚುಕಡಿಮೆ ಒಂದೇ ತೆರ. ಹಾಲ್ಟೇರ್‌ನದು ಮಾತ್ರ ತೀರಾ ಚಿಕ್ಕದು. ಅಲ್ಟ್ರಾಬೈಥೊರಾಕ್ಸ್ ತಾನೇ ಏನನ್ನೂ ಕಟ್ಟುವುದಿಲ್ಲ. ಅದರಿಂದ ತಯಾರಾಗುವ ಪ್ರೋಟೀನು ಡಿಎನ್‌ಎ ಮೇಲೆ ಕುಳಿತು ಬೇರೆ ಜೀನ್‌ಗಳನ್ನು ಹತೋಟಿಯಲ್ಲಿಡುತ್ತದೆ. ರೆಕ್ಕೆಯ ಮೇಲ್ಪದರ ಕೆಳಪದರಗಳು ಕೂಡುವ ಅಂಚಿನಿಂದ ಬೆಳವಣಿಗೆಯ ಸಂಕೇತಗಳು ಹೊರಡಬೇಕು. ಹಾಲ್ಟೇರ್‌ನಲ್ಲಿ ಈ ಪ್ರೋಟೀನು ಅವನ್ನು ಅದುಮುತ್ತದೆಂದು ಶಶಿಧರ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅಂಚಿನ ಬಿರುಗೂದಲೂ ಇಲ್ಲ, ನರಗೆರೆಗಳೂ ಇಲ್ಲ. ಉಳಿಯುವುದು ಪುಟ್ಟ ಗುಂಡು.

ಹಾಗಾದರೆ ಜೇನಿಗೆ ಈ ಜೀನ್ ಇಲ್ಲವೇ? ಇದೆ. ರೇಷ್ಮೆ ಪತಂಗಕ್ಕೂ ಇದೆ, ಅದೂ ಹಿಂದಿನ ರೆಕ್ಕೆ ಮೂಡುವ ಖಂಡದಲ್ಲೇ ಕೆಲಸ ಮಾಡುತ್ತದೆ. ಆದರೂ ರೆಕ್ಕೆ ಚೆನ್ನಾಗಿಯೇ ಬೆಳೆಯುತ್ತದೆ. ಶಶಿಧರ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೇನು, ರೇಷ್ಮೆ ಪತಂಗಗಳ ಅಲ್ಟ್ರಾಬೈಥೊರಾಕ್ಸನ್ನು ಹಣ್ಣುನೊಣದಲ್ಲಿ ಹೆಚ್ಚಾಗಿ ಉತ್ಪಾದಿಸಿ ನೋಡಲಾಯಿತು. ಅಲ್ಲಿ ಅವೂ ರೆಕ್ಕೆಯ ಬೆಳವಣಿಗೆಯನ್ನು ತಡೆದವು! ಅಂದರೆ ವ್ಯತ್ಯಾಸವನ್ನು ಆ ಪ್ರೋಟೀನಿನಲ್ಲಿ ಹುಡುಕಿದರೆ ಸಾಲದು. ಅದರ ಜೊತೆಗೂಡುವ ಪ್ರೋಟೀನುಗಳಲ್ಲಿ, ಅದರ ಹತೋಟಿಗೆ ಒಳಪಡುವ ಜೀನ್‌ಗಳಲ್ಲಿ ಹುಡುಕಬೇಕು. ರೆಕ್ಕೆ ರೂಪಿಸುವ ಹಲವು ಜೀನ್‌ಗಳಿಗೆ ಈ ಪ್ರೋಟೀನು ಮೂರೂ ಕೀಟಗಳಲ್ಲಿ ಅಂಟುತ್ತದೆ. ಅವುಗಳ ಪಕ್ಕದ ನಿಯಂತ್ರಕ ಡಿಎನ್‌ಎ ತುಣುಕುಗಳು ನೊಣದ ವಂಶದಲ್ಲಿ ಬದಲಾದದ್ದೂ ಹಾಲ್ಟೇರ್ ಹುಟ್ಟಲು ಕಾರಣವೆಂಬ ಸೂಚನೆ ಆ ಹೋಲಿಕೆಯಿಂದ ದೊರೆಯಿತು.