ಕನ್ನಂಬಾಡಿಯ ಬಿರುಕು, ನಮ್ಮೂರಿನ ಗೋಡೆ

2021ರ ಜುಲೈ ತಿಂಗಳು. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ಇಬ್ಬರು ಹಿರಿಯರು ಮಂಡ್ಯದ ಸಂಸದೆ ಸುಮಲತಾ ಅಂಬರೀಶ್ ಅವರ ಕುರಿತು ವಾದಕ್ಕಿಳಿದಿದ್ದರು. ‘ಸಿನೆಮಾದವರಿಗೆ ಕಲ್ಲಿನ ಕೋರೆಯ ವಿಚಾರ ಎಂತ ಗೊತ್ತುಂಟು ಮಾರಾಯ್ರೆ?’ ಎಂದರು ಒಬ್ಬರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿದ್ದವರು ಯಾರು ಮಾತಾಡಿದ್ದಾರೆ ಹೇಳಿ’ ಎಂದು ಕೇಳಿದರು. ಅಷ್ಟರಲ್ಲಿ ಎದುರಿನಿಂದ ಜಲ್ಲಿ ತುಂಬಿದ ಟಿಪ್ಪರೊಂದು ಬಂದು, ಬಸ್ಸು ಬದಿಗೆ ಸರಿಯಿತು. ವಾದ ಅಲ್ಲಿಗೇ ನಿಂತಿತು. ಆ ಎರಡನೆಯ ಪ್ರಶ್ನೆ ಮಾತ್ರ ನನ್ನೊಳಗೆ ಉಳಿದುಕೊಂಡಿದೆ.

ಆ ದಿನಗಳ ಸುದ್ದಿಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಕೃಷ್ಣರಾಜಸಾಗರ ಅಣೆಕಟ್ಟೆಯ ಆಸುಪಾಸಿನ ಅಕ್ರಮ ಕಲ್ಲು ಗಣಿಗಾರಿಕೆಯಿಂದ, ವಿಶೇಷವಾಗಿ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ನಡೆಯುತ್ತಿದ್ದ ಸ್ಫೋಟಗಳಿಂದ, ಅಣೆಕಟ್ಟೆಗೆ ಅಪಾಯವಿದೆಯೆಂದು ಸುಮಲತಾ ಹೇಳಿದರು. ಬಿರುಕು ಬಿಟ್ಟಿದೆಯೆಂಬ ಮಾತೂ ಬಂತು. ಕಾವೇರಿ ನೀರಾವರಿ ನಿಗಮ ಅದನ್ನು ನಿರಾಕರಿಸಿತು. ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿ, ನೀರು ಸೋರುತ್ತಿದ್ದರೆ ಸಂಸದೆಯನ್ನೇ ಅಣೆಕಟ್ಟೆಯ ಬಾಗಿಲಿಗೆ ಅಡ್ಡ ಮಲಗಿಸಬೇಕು ಎಂಬರ್ಥದಲ್ಲಿ ಮಾತನಾಡಿದರು. ಅಲ್ಲಿಂದ ಮುಂದೆ ಹಲವು ದಿನ ನಾಡಿನ ಚರ್ಚೆಯೆಲ್ಲ ಆ ಮಾತಿನ ಸುತ್ತಲೇ ನಡೆಯಿತು. ಆಕೆ ನಟಿ, ಆಕೆ ವಿಧವೆ, ಆಕೆ ಹೊರಗಿನವರು, ಆಕೆಯ ಹಿಂದೆ ಯಾರಿದ್ದಾರೆ ಎಂದು ಎಲ್ಲರೂ ಮಾತನಾಡಿದರು. ಬೆಟ್ಟದಲ್ಲಿ ಎಷ್ಟು ಆಳದ ಕುಳಿ ತೋಡಿ ಎಷ್ಟು ಮದ್ದು ತುಂಬುತ್ತಾರೆ, ಅದರ ಕಂಪನ ನೆಲದೊಳಗೆ ಎಷ್ಟು ದೂರ ಸಾಗುತ್ತದೆ ಎಂಬುದನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಆರಂಭದಲ್ಲಿ. ಕಲ್ಲನ್ನು ಕಲ್ಲಿಗೆ ಬೆಸೆದದ್ದು ಸುರ್ಕಿ ಗಾರೆ. ಇಂದಿನ ಕಾಂಕ್ರೀಟಿನ ಕಟ್ಟೆ ಅದಲ್ಲ. 124.80 ಅಡಿ ತುಂಬಿದಾಗ ಅದು ಹೊತ್ತು ನಿಲ್ಲುವುದು ಸುಮಾರು 49 ಟಿಎಂಸಿ ನೀರನ್ನು. ಅಂಥ ವೃದ್ಧ ಕಟ್ಟೆಯ ಸಮೀಪ ದಿನವೂ ಬಂಡೆ ಸಿಡಿಸುವುದು ಸರಿಯೇ ಎಂಬ ಅನುಮಾನಕ್ಕೆ ಬಿರುಕು ಕಣ್ಣಿಗೆ ಕಾಣಲೇಬೇಕೆಂದಿಲ್ಲ. 2018ರಲ್ಲಿಯೇ ಆ ಭಾಗದಲ್ಲಿ ಭಾರಿ ಸದ್ದು ಕೇಳಿಬಂದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗಣಿಗಾರಿಕೆಯ ಬಗೆಗೆ ಎಚ್ಚರಿಸಿತ್ತು. ಸುಮಲತಾ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕಡತದಲ್ಲಿ ಮಲಗಿದ್ದುದನ್ನು ಎತ್ತಿ ಬೀದಿಗೆ ತಂದರು, ಕೋರೆಗಳ ಸ್ಥಳಕ್ಕೇ ಹೋಗಿ ನಿಂತರು. ಬಿರುಕಿನ ಮಾತನ್ನು ಆಧಾರ ಕೈಸೇರುವ ಮೊದಲೇ ಆಡಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಗಣಿಯ ಪರ ನಿಂತವರಿಗೆ ಅದೊಂದೇ ಸಾಕಾಯಿತು, ಬಿರುಕಿಲ್ಲವೆಂದು ಹೇಳಿ ಗಣಿಯ ಪ್ರಶ್ನೆಯನ್ನೇ ಮುಚ್ಚಲು ನೋಡಿದರು. ಅದೇ ತಿಂಗಳು ಅಣೆಕಟ್ಟೆಯ ಬಳಿ ಒಂದಷ್ಟು ಕಲ್ಲುಗಳು ಕುಸಿದಾಗ ಎರಡೂ ಪಕ್ಷದವರು ತಮ್ಮದೇ ಗೆಲುವೆಂದು ಭಾವಿಸಿದರು. ಮುಖ್ಯ ಕಟ್ಟೆಗೆ ಧಕ್ಕೆಯಿಲ್ಲವೆಂದರು ಅಧಿಕಾರಿಗಳು.

ಆಕೆ ಹೀಗೆ ಮಾತನಾಡಬಲ್ಲವರಾದದ್ದು ಹೇಗೆ? 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡರು. 2019ರ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟು ಸಿಗದೆ, ಪಕ್ಷೇತರರಾಗಿ ಕಹಳೆಯ ಚಿಹ್ನೆ ಹಿಡಿದು, ಅಂದಿನ ಮುಖ್ಯಮಂತ್ರಿಯ ಮಗನನ್ನು ಒಂದೂಕಾಲು ಲಕ್ಷ ಮತಗಳಿಂದ ಸೋಲಿಸಿದರು. ಬಿಜೆಪಿಯ ಬೆಂಬಲವಿತ್ತು, ನಿಜ. ಆದರೂ ಟಿಕೆಟಿನ ಋಣವಿರಲಿಲ್ಲ. ಮಂಡ್ಯದ ಕೋರೆಗಳಲ್ಲಿ ಯಾವ ಪಕ್ಷದವರ ಪಾಲು ಎಷ್ಟೆಂದು ಲೆಕ್ಕಹಾಕಿ ಮಾತನಾಡಬೇಕಾದ ಅಗತ್ಯ ಆಕೆಗೆ ಉಳಿದವರಿಗಿಂತ ಕಡಿಮೆಯಿತ್ತು. ಆಕೆ ಕೆಚ್ಚಿನಿಂದ ಮಾತನಾಡಿದ್ದಕ್ಕೆ ತಾರಾ ವರ್ಚಸ್ಸಿಗಿಂತ ಈ ಬಿಡುವೇ ಕಾರಣವೆಂದು ನನಗನ್ನಿಸುತ್ತದೆ.

ಮುಂದಿನ ಕಥೆ ವಿಚಿತ್ರ. 2022ರ ಜುಲೈಯಲ್ಲಿ ಬೇಬಿ ಬೆಟ್ಟದಲ್ಲಿ ಪರೀಕ್ಷಾರ್ಥ ಸ್ಫೋಟ ನಡೆಸಲು ತಜ್ಞರು ಬಂದಾಗ ರೈತರು ಅಡ್ಡಿಪಡಿಸಿ ಹಿಂದಕ್ಕೆ ಕಳುಹಿಸಿದರು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಸಂಸದೆ ಕೇಳಿದ್ದರಲ್ಲಿ ಬಹುಪಾಲು ದೊರೆತಂತಾಯಿತು. ಅದಾಗಿ ಮೂರು ತಿಂಗಳಿಗೆ, ಬಿಜೆಪಿ–ಜೆಡಿಎಸ್ ಮೈತ್ರಿಯ ಲೆಕ್ಕಾಚಾರದಲ್ಲಿ ಮಂಡ್ಯ ಕ್ಷೇತ್ರವನ್ನು ಬಿಟ್ಟುಕೊಟ್ಟು ಆಕೆ ಬಿಜೆಪಿ ಸೇರಿದರು. ಬಿಟ್ಟುಕೊಟ್ಟದ್ದು ಯಾರಿಗೆ? ಗೇಟಿಗೆ ಅಡ್ಡ ಮಲಗಿಸುವ ಮಾತನ್ನಾಡಿದ್ದ ಕುಮಾರಸ್ವಾಮಿಯವರಿಗೇ. ಅವರು ಗೆದ್ದು ಕೇಂದ್ರದಲ್ಲಿ ಸಚಿವರೂ ಆದರು.

ಸಿನೆಮಾ ಮತ್ತು ನೀರಿನ ಮಾತು ಬಂದಾಗ ನನಗೆ ಸೌಂದರ್ಯ ನೆನಪಾಗುತ್ತಾರೆ. ನಾ. ಡಿಸೋಜರ ಕಾದಂಬರಿಯನ್ನಾಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ಕ್ಕೆ ಹಣ ಹೂಡಿದವರು ಆಕೆ, ಮುಳುಗುತ್ತಿರುವ ಊರನ್ನು ಬಿಡಲೊಲ್ಲದ ಮನೆಯ ಸೊಸೆ ನಾಗಿಯಾಗಿ ನಟಿಸಿದವರೂ ಆಕೆಯೇ. 2001ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ತೆಲುಗಿನಲ್ಲಿ ಬೇಡಿಕೆಯ ತಾರೆಯಾಗಿದ್ದವರು ತಮ್ಮ ದುಡ್ಡನ್ನು ಅಣೆಕಟ್ಟೆಯ ಹಿನ್ನೀರಿಗೆ ಸುರಿದದ್ದು ಘೋಷಣೆ ಕೂಗಿದ್ದಕ್ಕಿಂತ ಕಡಿಮೆಯದೇನಲ್ಲ. ರಾಜಕೀಯಕ್ಕೆ ಅವರು ಇಳಿದದ್ದೂ ಉಂಟು. 2004ರ ಏಪ್ರಿಲ್ 17ರಂದು ಬಿಜೆಪಿ ಪರ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಜಕ್ಕೂರಿನಿಂದ ಮೇಲೇರುತ್ತಿದ್ದಂತೆಯೇ ಉರುಳಿತು.

ಇಷ್ಟೆಲ್ಲ ದೂರದ ಮಾತನ್ನು ಹೇಳಲು ನನ್ನೂರಿನದೇ ಕಾರಣವಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ನೆಲ ಕಲ್ಲಿನಿಂದಲೇ ಹೆಸರಾದದ್ದು. 1430ರ ಸಾವಿರ ಕಂಬದ ಬಸದಿ, ವೇಣೂರಿನಲ್ಲಿ 1604ರಲ್ಲಿ ನಿಂತ ಬಾಹುಬಲಿ ಎರಡೂ ಈ ನೆಲದ ಕಲ್ಲುಕುಟಿಗರ ನೆನಪನ್ನು ಉಳಿಸಿವೆ. ಉಳಿಯಿಂದ ಕೆತ್ತುತ್ತಿದ್ದ ಕಾಲಕ್ಕೂ ಮದ್ದಿಟ್ಟು ಸಿಡಿಸಿ ಕ್ರಷರಿಗೆ ಸುರಿಯುವ ಕಾಲಕ್ಕೂ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕೆಂಪುಕಲ್ಲಿನ ಕಥೆ ಬೇರೆ. ಅದಕ್ಕೆ ಮದ್ದು ಬೇಡ, ಯಂತ್ರ ಸಾಕು. ಆದರೆ ರಂಧ್ರಗಳಿಂದ ತುಂಬಿದ ಆ ಕಲ್ಲೇ ಆಟಿಯ ಮಳೆಯನ್ನು ಹೀರಿ ಬೇಸಿಗೆಯವರೆಗೆ ಬಾವಿಗೆ ಉಣಿಸುವಂಥದು. ಅದನ್ನು ಕೊರೆದೊಯ್ದ ಮೇಲೆ ಉಳಿಯುವ ಹೊಂಡದಲ್ಲಿ ಮಳೆನೀರು ತುಂಬಿ, ಆಡಲು ಹೋದ ಮಕ್ಕಳು ಮುಳುಗಿದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ!

ಅಣೆಕಟ್ಟೆಯೂ ನಮಗುಂಟು. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟೆಯ ನೀರನ್ನೇ ಮಂಗಳೂರು ನಗರ ಕುಡಿಯುವುದು. 2016ರ ಬೇಸಿಗೆಯಲ್ಲಿ ಅದು ತಳ ಕಂಡಾಗ ನಗರದ ಪಾಡೇನಾಯಿತೆಂದು ಬಲ್ಲೆವು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾದಾಗ ಇಲ್ಲಿನ ಜನ ಬೀದಿಗಿಳಿದರು. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತದ ಉದ್ಘಾಟನೆಯೂ ಆಯಿತು.

ನಮ್ಮ ಮನೆಯ ಹಿಂದಿನ ಗುಡ್ಡದಾಚೆ ಒಂದು ಕಪ್ಪು ಕಲ್ಲಿನ ಕೋರೆಯಿದೆ. ಸಂಜೆ ನಾಲ್ಕರ ಸುಮಾರಿಗೆ ಸ್ಫೋಟವಾದರೆ ಅಡುಗೆಮನೆಯ ಅಟ್ಟದ ಪಾತ್ರೆಗಳು ಸದ್ದು ಮಾಡುತ್ತವೆ. ಅಕ್ಕಪಕ್ಕದವರೆಲ್ಲ ಸೇರಿ ಮನವಿ ಬರೆದು ಒಂದು ಕಚೇರಿಗೆ ಕೊಟ್ಟೆವು. ಸ್ವೀಕೃತಿಯ ಮುದ್ರೆ ಬಿತ್ತು, ಅಷ್ಟೆ. ಸಹಿ ಹಾಕದ ಮನೆಯೊಂದಿತ್ತು. ಆ ಮನೆಯ ಹುಡುಗ ಅದೇ ಕೋರೆಯ ಟಿಪ್ಪರ್ ಓಡಿಸುತ್ತಾನೆ. ಅವನ ತಾಯಿ, ‘ನಮಗೆ ಬೇರೆ ದಾರಿ ಇಲ್ಲ ಅಣ್ಣ’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. 2025ರ ಮಳೆಗಾಲದಲ್ಲಿ ಕೆಂಪುಕಲ್ಲು, ಮರಳು ಸಿಗದೆ ಜಿಲ್ಲೆಯ ಕಟ್ಟಡ ಕಾರ್ಮಿಕರು ಕೆಲಸವಿಲ್ಲದೆ ಪ್ರತಿಭಟಿಸಿದಾಗಲೂ ಆ ಮಾತೇ ನೆನಪಾಯಿತು.

ಊರಿನ ತರುಣರು ಸಭೆಯೊಂದನ್ನು ಮಾಡಿ, ಯಾರಾದರೂ ಸಿನೆಮಾ ನಟಿಯನ್ನು ಕರೆಸೋಣ, ಆಗ ಪತ್ರಿಕೆಯವರೂ ಬರುತ್ತಾರೆ ಎಂದರು. ಯಕ್ಷಗಾನದ ವೇಷಧಾರಿಯಾಗಿ ಮೇಳದಲ್ಲಿ ತಿರುಗಿ ಬಂದ ಹಿರಿಯರೊಬ್ಬರು ನಕ್ಕು, ‘ಕರೆಸಿ. ಜನ ಸೇರುತ್ತಾರೆ, ವೇಷ ನೋಡಲಿಕ್ಕೆ. ವೇಷ ಕಳಚಿದ ಮರುದಿನ ಕಚೇರಿಗೆ ಹೋಗುವುದು ಯಾರು?’ ಎಂದರು. ತರುಣರಿಗೆ ಸಿಟ್ಟು ಬಂತು. ನನಗೆ ಇಬ್ಬರ ಮಾತೂ ಸರಿಯೆನಿಸಿತು. ಮಂಡ್ಯದಲ್ಲಿ ಒಬ್ಬ ನಟಿ ಬಾರದೇ ಇದ್ದಿದ್ದರೆ ಬೇಬಿ ಬೆಟ್ಟದ ಹೆಸರು ಬಂಟ್ವಾಳದ ಬಸ್ಸಿನವರೆಗೆ ಬರುತ್ತಿರಲಿಲ್ಲ. ಆಕೆ ಹೋದ ಮೇಲೂ ಅಲ್ಲಿನ ಸ್ಫೋಟವನ್ನು ತಡೆಯಲು ನಿಂತವರು ರೈತರೇ.

ನಮ್ಮ ಸಭೆಗೆ ಯಾರೂ ಬರಲಿಲ್ಲ. ಕರೆಯುವ ಮಾತು ಅಲ್ಲಿಗೇ ಬಿದ್ದುಹೋಯಿತು. ನಮ್ಮ ಮನೆಯ ಪಡುಗೋಡೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಮೂಡಿದೆ. ಕೋರೆಯಿಂದಲೋ ಹಳೆಯ ಅಡಿಪಾಯದಿಂದಲೋ ಹೇಳಲಾರೆ. ಇಂಜಿನಿಯರ್ ಮಿತ್ರರೊಬ್ಬರು ಹೇಳಿಕೊಟ್ಟಂತೆ ಅದರ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದಿಟ್ಟಿದ್ದೆ. ಬಿರುಕು ಅಗಲವಾದರೆ ಕಾಗದ ಹರಿಯುತ್ತದೆ. ಕಳೆದ ಮಳೆಗಾಲದಲ್ಲಿ ಅದು ಒದ್ದೆಯಾಗಿ ತಾನೇ ಕಳಚಿ ಬಿತ್ತು. ಹೊಸದನ್ನು ಅಂಟಿಸಿದ್ದೇನೆ.