‘ಅಟಾರ್ನ್’ ಎಂದರೇನು?
ಮುಂಬಯಿಯ ದಾದರಿನಂತಹ ಪ್ರದೇಶದಲ್ಲಿ ಹಳೆಯ ಚಾಳು ಮಾರಾಟವಾದಾಗ, ಹೊಸ ಮಾಲೀಕನು ಬಾಡಿಗೆದಾರರಿಂದ ‘ಅಟಾರ್ನ್‌ಮೆಂಟ್’ ಪತ್ರಕ್ಕೆ ಸಹಿ ಕೇಳುವುದುಂಟು. ‘ಅಟಾರ್ನ್’ ಎಂಬ ಈ ಅಪರೂಪದ ಇಂಗ್ಲಿಷ್ ಕ್ರಿಯಾಪದಕ್ಕೆ, ಬಾಡಿಗೆದಾರನು ಹೊಸಬನನ್ನು ತನ್ನ ಮಾಲೀಕನೆಂದು ಒಪ್ಪಿಕೊಳ್ಳುವುದು ಎಂದರ್ಥ. ‘ಅಟಾರ್ನಿ’ ಇದರ ಬಂಧುಪದವೇ ಆದರೂ ಇಲ್ಲಿ ವಕಾಲತ್ತಿನ ಮಾತಿಲ್ಲ.

ಸಹಿ ಮಾಡದಿದ್ದರೆ ಬಾಡಿಗೆ ಕೊಡಬೇಕಾಗಿಲ್ಲವೆಂಬ ನಂಬಿಕೆ ತಪ್ಪು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 109ನೆಯ ಪ್ರಕರಣದ ಮೇರೆಗೆ, ವ್ಯತಿರಿಕ್ತ ಕರಾರಿಲ್ಲದಿದ್ದಲ್ಲಿ, ಹಳೆಯ ಮಾಲೀಕನ ಹಕ್ಕುಗಳು ಬಾಡಿಗೆದಾರನ ಒಪ್ಪಿಗೆಯಿಲ್ಲದೆಯೇ ಹೊಸಬನಿಗೆ ಸೇರುತ್ತವೆ. ಪತ್ರವು ಸಂಬಂಧಕ್ಕೆ ಸಾಕ್ಷ್ಯ ಮಾತ್ರ. ಅದರಲ್ಲಿ ಬಾಡಿಗೆಯ ಹೆಚ್ಚಳವೋ ಕೊಠಡಿಯ ತೆರವೋ ಷರತ್ತಾಗಿ ಸೇರಿದ್ದರೆ ಅದು ಬೇರೆಯೇ ಕರಾರು, ಓದಿಯೇ ಸಹಿ ಮಾಡತಕ್ಕದ್ದು. ಇನ್ನು, ಮಾರಾಟದ ಸುಳಿವಿಲ್ಲದೆ ಹಳೆಯ ಮಾಲೀಕನಿಗೆ ಸಲ್ಲಿಸಿದ ಬಾಡಿಗೆಯನ್ನು ಹೊಸಬನಿಗೆ ಮತ್ತೊಮ್ಮೆ ತೆರಬೇಕಾಗಿಲ್ಲವೆಂದು ಅದೇ ಪ್ರಕರಣವು ಹೇಳುತ್ತದೆ.